ನೀರಿಗಿಳಿದ ಬೀಗಿತ್ತಿ

ನನ್ನ ಬೀಗಿತ್ತಿಯ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಸಿಗಡಿ ಸುಲಿದು ಸುಲಿದು ಅದು ಯಾವತ್ತೋ ಬಿದ್ದುಹೋಗಿ, ಆ ಜಾಗದಲ್ಲಿ ಹುಣಸೆಬೀಜದ ಹಾಗೆ ಗಟ್ಟಿ ಚರ್ಮ ಬೆಳೆದಿತ್ತು. ಉಳಿದ ಬೆರಳುಗಳ ತುದಿ ಬಿಳಿಚಿಕೊಂಡು, ಸುಕ್ಕುಸುಕ್ಕಾಗಿ, ಈಗಷ್ಟೇ ನೀರಿನಿಂದ ತೆಗೆದ ಹಾಗೆ ಕಾಣುತ್ತಿದ್ದವು. ಭಟ್ಕಳ ಬಂದರಿನ ಹತ್ತಿರದ ಒಂದು ಶೆಡ್ಡಿನಲ್ಲಿ, ಐಸಿನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳು ಅರ್ಧ ಆಯುಷ್ಯ ಕಳೆದಿದ್ದಳು. ಬೇಸಿಗೆಯಲ್ಲಿ ಮುಟ್ಟಿದರೂ ಆ ಕೈ ತಣ್ಣಗೇ ಇರುತ್ತಿತ್ತು.

ನಾವು ಕುಮಟೆಯ ಕಡೆಯವರು. ಗದ್ದೆಯಲ್ಲಿ ಸಿಹಿ ಈರುಳ್ಳಿ ಬೆಳೆದು, ಗೊಂಚಲು ಕಟ್ಟಿ, ಹೆದ್ದಾರಿ ಬದಿಗೆ ನೇತುಹಾಕಿ ಮಾರುವವರು. ಮೀನು ತಿನ್ನುತ್ತೇವೆ, ಹಿಡಿಯುವುದಿಲ್ಲ. ಅವರು ತೆಂಗಿನಗುಂಡಿಯ ದೋಣಿಯವರು. ನನ್ನ ಮಗನೂ ಅವಳ ಮಗಳೂ ಹೊನ್ನಾವರದಲ್ಲಿ ಒಂದೇ ಸೊಸೈಟಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿಯೇ ಮೆಚ್ಚಿಕೊಂಡರು. ನಮ್ಮ ಕಡೆ ಯಾರಿಗೂ ಇದು ಸರಿಬರಲಿಲ್ಲ. ಆದರೆ ಮಗ ಹಟ ಹಿಡಿದ ಮೇಲೆ ಮದುವೆ ಮಾತಿಗೆ ಅವಳನ್ನು ಕರೆಯಲೇಬೇಕಾಯಿತು.

ಅವಳು ಒಬ್ಬಳೇ ಬಂದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ, ನೆಲಕ್ಕೆ ಕೂತಳು. ನನ್ನ ನಾದಿನಿ ಮೂಗಿಗೆ ಸೆರಗು ಹಿಡಿದು, "ಬೆಳಿಗ್ಗೆ ಶೆಡ್ಡಿಂದ ನೇರ ಇಲ್ಲಿಗೇ ಬಂದ್ರಾ ಹೇಗೆ?" ಎಂದು ಕೇಳಿದಳು. ಕೇಳಿದ್ದು ಎಂತಕ್ಕೆ ಎಂದು ಎಲ್ಲರಿಗೂ ತಿಳಿಯಿತು.

ಬೀಗಿತ್ತಿ ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಒಂದು ಬದಿಗೆ ಸರಿಸಿಕೊಂಡು, "ವಾಸನೆ ನಂದು. ಮಗಳನ್ನ ಸಾಬೂನು ಹಚ್ಚಿ ತೊಳ್ದಿದ್ದೆ. ಬೇಕಾದ್ರೆ ಮೂಸಿ ನೋಡ್ಕಳಿ," ಎಂದಳು.

ಯಾರೂ ನಗಲಿಲ್ಲ. ನಾನು ಮಾತ್ರ ನಗು ತಡೆಯಲಾಗದೆ ಒಳಗೆ ಹೋದೆ. ಆವತ್ತಿನಿಂದ ಅವಳು ನನ್ನನ್ನು ಅಕ್ಕ ಎನ್ನತೊಡಗಿದಳು.

ಅವಳ ಮನೆ ಕಡಲಿಗೆ ಮುಖ ಮಾಡಿತ್ತು. ಆದರೆ ಅವಳು ಜಗಲಿಯಲ್ಲಿ ಕೂರುವುದು ಯಾವಾಗಲೂ ಕಡಲಿಗೆ ಬೆನ್ನು ಹಾಕಿ. ನಮ್ಮ ಮನೆಗೆ ರೈಲಿನಲ್ಲಿ ಬರುವಾಗ ಶರಾವತಿ ಸೇತುವೆ ಬಂದರೆ ಸೆರಗು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಚಕ್ರದ ಸದ್ದು ಬದಲಾದ ಮೇಲೆ, ನೆಲ ಬಂತು ಎಂದು ಗೊತ್ತಾಗಿ, ತೆಗೆಯುತ್ತಿದ್ದಳು. ಜೊತೆಗಿದ್ದವರು ನಿದ್ದೆ ಬಂತು ಎಂದುಕೊಳ್ಳಬೇಕು, ಹಾಗೆ. ನೀರಿನಿಂದ ಬಂದ ಮೀನಿನಲ್ಲೇ ಜೀವನ ಮಾಡಿದ ಹೆಂಗಸು ಮೊಣಕಾಲಿಗಿಂತ ಮೇಲೆ ನೀರಿಗಿಳಿದವಳೇ ಅಲ್ಲ.

ಅದರ ಕತೆಯನ್ನು ಅವಳು ನನಗೆ ಒಂದೇ ಸಲ ಹೇಳಿದ್ದು. ನಮ್ಮ ಹಿತ್ತಲಲ್ಲಿ ಕೂತು ಬಂಗುಡೆ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು.

ಅವಳ ಗಂಡನ ದೋಣಿ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಬಾಯಲ್ಲಿ, ಮಗುಚಿಕೊಂಡಿತು. ಹೆಣ ಸಿಕ್ಕಿತು. ಆಗ ಮಗ ಇನ್ನೂ ಶಾಲೆಗೆ ಸೇರಿರಲಿಲ್ಲ, ಮಗಳು ಕಂಕುಳಲ್ಲಿ. ಅವಳ ಅತ್ತೆ ಊರ ದೇವಿಗೆ ಹರಕೆ ಹೇಳಿಕೊಂಡಳು: ಈ ಮನೆಯ ಮಕ್ಕಳ ಕಾಲಿಗೆ ಇನ್ನು ಉಪ್ಪುನೀರು ಮುಟ್ಟಿಸುವುದಿಲ್ಲ, ಇವರನ್ನಾದರೂ ಉಳಿಸಿಕೊಡು. ಹರಕೆ ಹೇಳಿದ್ದು ಉಪ್ಪುನೀರಿಗೆ. ಹೆದರಿಕೆ ಸಿಹಿನೀರಿಗೂ ಹಬ್ಬಿತು. ಹೊಳೆ ಬೇಡ, ಕೆರೆ ಬೇಡ, ಕಡೆಗೆ ಬಾವಿಕಟ್ಟೆಯ ಹತ್ತಿರ ಹೋದರೂ ಪೆಟ್ಟು. ಓರಗೆಯ ಹುಡುಗರೆಲ್ಲ ದೋಣಿ ಕಟ್ಟುವ ಜೆಟ್ಟಿಯ ಮೇಲಿಂದ ನೀರಿಗೆ ಹಾರುವಾಗ ಇವಳ ಮಗ ಬಲೆಯ ರಾಶಿಯ ಮೇಲೆ ಕೂತು ನೋಡುತ್ತಿದ್ದನಂತೆ. ಅತ್ತೆ ಸತ್ತ ಮೇಲೂ ಇವಳು ಹರಕೆ ಮುರಿಯಲಿಲ್ಲ.

ಹುಡುಗ ನೆಲದ ಆಟದಲ್ಲಿ ಗಟ್ಟಿಯಾದ. ಕಾಲೇಜಿಗೆ ಹೋದ ಮೇಲೆ ಕಬಡ್ಡಿ ತಂಡಕ್ಕೆ ಸೇರಿದ. ಹೊನ್ನಾವರದಲ್ಲಿ ಆಡಲು ಹೋದವರು ಗೆದ್ದ ಖುಷಿಗೆ ಅಪ್ಸರಕೊಂಡದ ಕೆಳಗಿನ ಕಡಲತೀರಕ್ಕೆ ಹೋದರು. ಎಲ್ಲರೂ ನೀರಿಗಿಳಿದರು. ದೋಣಿಯವರ ಮನೆಯ ಹುಡುಗ ತನಗೆ ಈಜು ಬರುವುದಿಲ್ಲ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ತಂಡದ ಬನಿಯನ್ನು ಬಿಚ್ಚಿ ಮರಳ ಮೇಲಿಟ್ಟು ಅವರ ಜೊತೆ ಇಳಿದ. ಎದೆಮಟ್ಟದ ನೀರಂತೆ. ಕಾಲ ಕೆಳಗಿನ ಮರಳು ಸರಿಯಿತಂತೆ. ಕೈ ಎತ್ತಿದ್ದನ್ನು ಕಂಡ ಗೆಳೆಯರು ಆಟ ಮಾಡುತ್ತಿದ್ದಾನೆ ಎಂದುಕೊಂಡರಂತೆ. ದೋಣಿಯವರ ಹುಡುಗನಲ್ಲವೇ.

"ಅವನ್ನ ನೀರು ತಗಂಡದ್ದಲ್ಲ ಅಕ್ಕ," ಎಂದಳು ಬೀಗಿತ್ತಿ. "ನೀರಿಗೆ ಎಂತ ಗೊತ್ತು? ನಾವು ಕಲಿಸ್ಲಿಲ್ಲ. ದೇವರಿಗೆ ಹೇಳಿ ಸುಮ್ನೆ ಕೂತ್ವಿ."

ಮೀನಿನ ಕರುಳು ಎಳೆದು ಕಾಗೆಗೆ ಎಸೆದಳು. "ಆತಲ್ಲ. ಇನ್ನೆಂತ?" ಎಂದಳು. ಏನೇ ಆದರೂ ಕಡೆಗೆ ಅವಳು ಹೇಳುವ ಮಾತು ಅದು.

ಮೊಮ್ಮಗಳು ಹುಟ್ಟಿದ್ದು ಮಳೆಗಾಲದಲ್ಲಿ. ಬಾಣಂತನ ತೆಂಗಿನಗುಂಡಿಯಲ್ಲೇ ಆಯಿತು. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿದ್ದೆಲ್ಲ ಬೀಗಿತ್ತಿಯೇ. ದೀಪಾವಳಿ ಕಳೆದು ತಾಯಿ ಮಗು ನಮ್ಮ ಮನೆಗೆ ಬಂದರು. ಸೊಸೆ ರಜೆ ಮುಗಿಸಿ ಕೆಲಸಕ್ಕೆ ಹೋಗತೊಡಗಿದಳು. ಮಗು ನನ್ನ ಪಾಲಿಗೆ ಬಿತ್ತು.

ಅದೇ ದಿನಗಳಲ್ಲಿ ಬೀಗಿತ್ತಿಗೆ ಊಟ ಸೇರದಾಯಿತು. ಅವಳು ಸೊರಗಿದ್ದು ನೋಡಿ ಮಗಳು ಅಳಿಯ ಸೇರಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆಯಲ್ಲಿ ಗಡ್ಡೆ, ಬಹಳ ಮುಂದೆ ಹೋಗಿದೆ ಎಂದರು. ಕೊಯ್ಯುವ ಹಂತ ದಾಟಿದೆ, ಮುಂದಿನ ಮಳೆಗಾಲ ಕಾಣುವುದು ಕಷ್ಟ ಎಂದು ಅವಳ ಮುಂದೆಯೇ ಹೇಳಿದರು. ಮಗಳು ಅತ್ತಳು. ಇವಳು ಡಾಕ್ಟರ ಹತ್ತಿರ, "ಕವಳ ಹಾಕ್ಬಹುದಾ?" ಎಂದು ಕೇಳಿದಳಂತೆ.

ಆಮೇಲೆ ಒಂದು ದಿನ ನಮ್ಮ ಮನೆಗೆ ಬಂದವಳು ಅಡುಗೆಮನೆಯಲ್ಲಿ ಕೂತು ಮಗಳಿಗೆ ಹೇಳಿದಳು, "ನಿಮ್ಮ ಪೇಟೆಯಲ್ಲಿ ಈಜುಕೊಳ ಅದೆಯಲ್ಲ, ಅಲ್ಲಿಗೆ ಮಗೂನ್ನ ಕರ್ಕಂಡು ಹೋಗ್ಬೇಕು."

ಸೊಸೆ ದೋಸೆ ಎರೆಯುತ್ತಿದ್ದಳು. ಸಟ್ಟುಗ ಹಿಡಿದೇ ತಿರುಗಿದಳು. "ಯಾವ ಮಗೂನ್ನ?"

"ನಿನ್ನ ಮಗೂನ್ನ. ಮತ್ತೆ ನಿನ್ನ ಗಂಡನ್ನನಾ?"

"ಅಮ್ಮ, ಅದಕ್ಕೆ ಸಮ ಕೂರೂಕೆ ಬರೂದಿಲ್ಲ. ನಿಂಗೆ ಎಂತ ಆತು?"

"ಕೂರೂದಕ್ಕಿಂತ ಮುಂಚೆ ಕಲೀಲಿ. ನಾ ಇರೂ ಹೊತ್ತಿಗೆ ಕಲೀಲಿ."

"ಅಣ್ಣನ್ನ ಬಾವಿಕಟ್ಟೆ ಹತ್ರನೂ ಬಿಡ್ಲಿಲ್ಲ ನೀನು," ಎಂದಳು ಸೊಸೆ. "ನನ್ನನ್ನೂ ಬಿಡ್ಲಿಲ್ಲ. ಈಗ ನನ್ನ ಮಗೂನ್ನ ನೀರಿಗೆ ಹಾಕು ಹೇಳ್ತೀಯಾ?"

"ಹೌದು," ಎಂದಳು ಬೀಗಿತ್ತಿ. "ಅದಕ್ಕೇ ಹೇಳ್ತೆ."

ಕಾವಲಿಯ ಮೇಲೆ ದೋಸೆ ಕರಿಯಾಯಿತು. ನಾನೇ ಎದ್ದು ಒಲೆ ಆರಿಸಿದೆ. ಮಗ ಒಳಗೆ ಬಂದು, "ಆಯಿ, ನೀ ಎಂತ ಹೇಳ್ತೆ?" ಎಂದು ನನ್ನನ್ನು ಕೇಳಿದ. ನನಗೆ ಈಜಿನ ಬಗ್ಗೆ ಎಂತದೂ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಒಂದು ಗೊತ್ತಿತ್ತು. ಈ ಹೆಂಗಸು ಈವರೆಗೆ ನಮ್ಮ ಮನೆಯಲ್ಲಿ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

"ಡಾಕ್ಟ್ರನ್ನ ಕೇಳು," ಎಂದೆ. "ಅವರು ಹೂಂ ಅಂದ್ರೆ ನಾ ಕರ್ಕಂಡು ಹೋಗ್ತೆ."

ಡಾಕ್ಟರು ಚುಚ್ಚುಮದ್ದೆಲ್ಲ ಆಗಿದೆಯೇ ನೋಡಿದರು. ಬಿಸಿಲು ಬಿದ್ದು ನೀರು ಬೆಚ್ಚಗಿದ್ದರೆ, ಸ್ವಲ್ಪ ಹೊತ್ತು, ಮಗುವಿನ ಮೇಲಿನ ಕೈ ಬಿಡದೆ ಇಳಿಸಬಹುದು, ಚಳಿ ಹಿಡಿದರೆ ತಕ್ಷಣ ಹೊರಗೆ ತೆಗೆಯಬೇಕು ಎಂದರು. ಸೊಸೆ, "ನಾ ಬರೂದಿಲ್ಲ. ಕರ್ಕಂಡು ಹೋದವ್ರೇ ಕರ್ಕಂಡು ಬನ್ನಿ," ಎಂದು ಕೋಣೆಗೆ ಹೋದಳು.

ಹೆಂಗಸರಿಗೆ, ಸಣ್ಣ ಮಕ್ಕಳಿಗೆ ಅಲ್ಲಿ ಶನಿವಾರ ಮಧ್ಯಾಹ್ನದ ಹೊತ್ತು. ಇಬ್ಬರು ಮುದುಕಿಯರು, ಒಂದು ಮಗು, ಒಂದು ಚೀಲ, ಆಟೋದಲ್ಲಿ ಹೋಗಿ ಇಳಿದೆವು. ಬಾಗಿಲಲ್ಲೇ ಬ್ಲೀಚಿಂಗ್ ಪೌಡರಿನ ವಾಸನೆ. ಟಿಕೆಟ್ ಕೊಡುವವನು ನಮ್ಮನ್ನು ನೋಡಿ, "ಅಜ್ಜೀರೇ, ದೇವಸ್ಥಾನ ಆಚೆ ರಸ್ತೆಲಿ," ಎಂದ.

"ದೇವಸ್ಥಾನಕ್ಕೆ ಹೋಗಿ ಆತು. ಈಗ ಇಲ್ಲಿಗೆ," ಎಂದಳು ಬೀಗಿತ್ತಿ.

ಒಳಗೆ ದೊಡ್ಡ ಕೊಳ ಒಂದು, ಅದರ ಬದಿಗೆ ಮಕ್ಕಳ ಸಣ್ಣ ಕೊಳ. ನೀಲಿ ಟೈಲ್ಸಿನ ಮೇಲೆ ನೀರು ಹೊಳೆಯುತ್ತಿತ್ತು. ಬೀಗಿತ್ತಿ ಗೋಡೆ ಹಿಡಿದು ನಿಂತಳು. ಹೊಟ್ಟೆನೋವು ಬಂತೇನೋ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ನೀರನ್ನು ನೇರ ನೋಡಿದ್ದಕ್ಕೆ ಹಾಗಾದದ್ದು.

ಈಜು ಕಲಿಸುವ ಅಕ್ಕೋರು ಪ್ರಾಯದ ಹುಡುಗಿ. ಮೊದಲು, ಸೀರೆಯಲ್ಲಿ ನೀರಿಗಿಳಿಯುವಂತಿಲ್ಲ ಎಂದಳು. ಕಾಲಿಗೆ ಸುತ್ತಿಕೊಂಡರೆ ಮಗುವಿನ ಜೊತೆ ಅಜ್ಜಿಯೂ ಮುಳುಗುತ್ತಾಳೆ ಎಂದಳು. ಆಮೇಲೆ ಮಗುವಿನ ಪ್ರಾಯ ಕೇಳಿದಳು. ಬೀಗಿತ್ತಿ, "ಎಷ್ಟು ದಿನಕ್ಕೆ ಕಲೀತದೆ?" ಎಂದು ಕೇಳಿದಳು.

"ಎಂತ ಕಲಿಯೂದು ಅಜ್ಜಿ?"

"ಈಜೂದು."

ಅಕ್ಕೋರು ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. ನಗಲಿಲ್ಲ, ಅದು ಅವಳ ದೊಡ್ಡತನ. "ಇಷ್ಟು ಸಣ್ಣ ಮಗು ಈಜು ಕಲಿಯೂದಿಲ್ಲ ಅಜ್ಜಿ. ನೀರಿನ ರೂಢಿ ಆಗ್ತದೆ, ಅಷ್ಟೇ. ತನ್ನ ಜೀವ ತಾನು ಉಳಿಸ್ಕಳೂವಷ್ಟು ಈಜು ಬೇಕು ಅಂದ್ರೆ ನಾಲ್ಕೋ ಐದೋ ವರ್ಷ ಆಗ್ಬೇಕು. ಆಮೇಲೂ ಕಣ್ಣು ತಪ್ಪಿಸೂಕಿಲ್ಲ."

ಬೀಗಿತ್ತಿ ಅಲ್ಲಿದ್ದ ಸಿಮೆಂಟಿನ ಕಟ್ಟೆಯ ಮೇಲೆ ಕೂತಳು. ಅವಳ ಲೆಕ್ಕ ಪೂರ್ತಿ ತಪ್ಪಿತ್ತು. ನಾಯಿಮರಿ ನೀರಿಗೆ ಬಿದ್ದರೆ ತಾನೇ ಈಜುತ್ತದೆ, ಹೆದರಿಕೆ ಹುಟ್ಟುವ ಮೊದಲೇ ಇಳಿಸಿದರೆ ಮಗುವೂ ಹಾಗೇ ಎಂದು ಅವಳು ನಂಬಿಕೊಂಡಿದ್ದಳು. ಇರುವ ಕೆಲವು ತಿಂಗಳಲ್ಲಿ ಈ ಒಂದು ಕೆಲಸ ಮುಗಿಸಿ ಹೋಗುವುದು ಎಂದು ಬಂದವಳು. ನಾಲ್ಕೈದು ವರ್ಷ ಎಂದರೆ ಅವಳ ಮಟ್ಟಿಗೆ ಆಗದ ಮಾತು.

ಮಗು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ನೀರನ್ನೇ ನೋಡುತ್ತಿತ್ತು. ನಾನು, "ಮನೆಗೆ ಹೋಗ್ವನಾ?" ಎಂದೆ.

"ರೂಢಿ ಆಗ್ತದೆ ಅಂದ್ರಲ್ಲ," ಎಂದಳು. "ನನ್ನ ಮಗನಿಗೆ ಅದೂ ಇರ್ಲಿಲ್ಲ. ಬರೂ ಶನಿವಾರ ಸೀರೆ ಬೇಡ, ಅಲ್ದಾ?"

ಮುಂದಿನ ಶನಿವಾರ ಅವಳು ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬಂದದ್ದು ನಾನು ಸಾಯುವ ತನಕ ಮರೆಯುವುದಿಲ್ಲ. ಕೆಳಗೆ ಒಂದು ಟ್ರ್ಯಾಕ್ ಪ್ಯಾಂಟು. ಮೇಲೆ ನೀಲಿ ಬಣ್ಣದ ಕಬಡ್ಡಿ ಬನಿಯನ್ನು, ಬೆನ್ನಿಗೆ ದೊಡ್ಡ ನಂಬರು. ಅವಳ ಮಗ ಮರಳ ಮೇಲೆ ಬಿಚ್ಚಿಟ್ಟು ಹೋದದ್ದು. ಸೊರಗಿದ ಮೈಗೆ ಅದು ದೊಗಲೆಯಾಗಿ, ಕಂಕುಳ ಕೆಳಗೆ ಎಲುಬು ಕಾಣುತ್ತಿತ್ತು. ತಲೆಗೆ ರಬ್ಬರಿನ ಟೋಪಿ. ಕೊಳದ ಅಂಚಿನಲ್ಲಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಒಬ್ಬಳು, "ಅಜ್ಜಿ ಯಾವ ಟೀಮು?" ಎಂದು ಕೇಳಿದಳು.

"ಸೋತ ಟೀಮು," ಎಂದಳು ಬೀಗಿತ್ತಿ.

ಅಕ್ಕೋರು ಕೈ ಹಿಡಿದು ಇಳಿಸಿದಳು. ಮಕ್ಕಳ ಕೊಳ, ಸೊಂಟಕ್ಕೂ ಬಾರದ ನೀರು. ಅಷ್ಟಕ್ಕೇ ಅವಳ ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಚಳಿಯಲ್ಲ, ಬಿಸಿಲು ನೆತ್ತಿಯ ಮೇಲಿತ್ತು. ಕಂಬಿ ಹಿಡಿದ ಬೆರಳ ಗೆಣ್ಣು ಬೆಳ್ಳಗಾಗಿತ್ತು. ಅವಳು ಕಂಬಿ ಬಿಡುವ ತನಕ ಅಕ್ಕೋರು ಮಗುವನ್ನು ಅವಳ ಕೈಗೆ ಕೊಡಲಿಲ್ಲ. "ಹಿಡಿದವರು ಹೆದರಿದ್ರೆ ಮಗೂಗೂ ಗೊತ್ತಾಗ್ತದೆ ಅಜ್ಜಿ," ಎಂದಳು. ಆವತ್ತು ಮಗು ನೀರು ಮುಟ್ಟಲೇ ಇಲ್ಲ. ಬೀಗಿತ್ತಿ ನೀರಿನಲ್ಲಿ ನಿಂತು ನಡುಗಿ, ಮೇಲೆ ಬಂದು ವಾಂತಿ ಮಾಡಿಕೊಂಡಳು. ಮನೆಗೆ ಬರುವಾಗ ಆಟೋದಲ್ಲಿ, "ಕಾಲಡಿ ನೆಲ ಇತ್ತು ಅಕ್ಕ. ಪೂರ್ತಿ ನೆಲ ಇತ್ತು. ಆದ್ರೂ," ಎಂದಳು.

ಆ ಸಂಜೆ ಸೊಸೆ ಕೆಲಸದಿಂದ ಬಂದಾಗ ಹಿತ್ತಲ ತಂತಿಯ ಮೇಲೆ ಬನಿಯನ್ನು ಒಣಗುತ್ತಿತ್ತು. ಅವಳು ಚೀಲ ಕೆಳಗಿಡದೆ ಅದರ ಮುಂದೆ ನಿಂತಳು. ಗೆಳೆಯರು ಅದನ್ನು ತಂದುಕೊಟ್ಟ ದಿನದಿಂದ ಅದು ಪೆಟ್ಟಿಗೆಯಲ್ಲೇ ಇತ್ತು, ಒಗೆದೂ ಇರಲಿಲ್ಲ. ಅವನ ಬೆವರಿನ ವಾಸನೆ ಇದೆ ಎಂದು ಸೊಸೆ ತವರಿಗೆ ಹೋದಾಗೆಲ್ಲ ತೆಗೆದು ನೋಡುತ್ತಿದ್ದಳಂತೆ. ಇದು ನನಗೆ ಆವತ್ತು ತಿಳಿದದ್ದು.

"ಇದನ್ನ ಎಂತಕ್ಕೆ ಹಾಕ್ಕಂಡೆ ಅಮ್ಮ? ಇದನ್ನ ಎಂತಕ್ಕೆ ನೀರಿಗೆ ಹಾಕ್ದೆ?"

ಬೀಗಿತ್ತಿ ಮೆಟ್ಟಿಲ ಮೇಲೆ ಕೂತಿದ್ದಳು. "ಪೆಟ್ಟಿಗೇಲಿಟ್ರೆ ಹುಳ ತಿಂತದೆ. ನಾ ಹಾಕಿದ್ರೆ ಒಂದು ಮಗು ನೀರಿಗೆ ಹೋಗಿ ಮನೆಗೆ ಬತ್ತದೆ."

"ವಾಸನೆ ಹೋತು."

"ಹೋಗ್ಲಿ."

ಸೊಸೆ ಆ ರಾತ್ರಿ ಊಟಕ್ಕೆ ಬರಲಿಲ್ಲ. ತಾಯಿಯೂ ಉಣ್ಣಲಿಲ್ಲ, ಅವಳಿಗೆ ಹೇಗೂ ಊಟ ಇಳಿಯುತ್ತಿರಲಿಲ್ಲ. ನಾನೊಬ್ಬಳೇ ಉಂಡೆ. ಮನೆಯಲ್ಲಿ ಒಬ್ಬರಾದರೂ ಉಣ್ಣಬೇಕು, ಬೆಳಿಗ್ಗೆ ಮಗು ಎತ್ತಿಕೊಳ್ಳಬೇಕಲ್ಲ.

ಆಮೇಲಿನ ಶನಿವಾರಗಳಲ್ಲಿ ಅವಳು ಕಂಬಿ ಬಿಟ್ಟಳು. ಮಗುವನ್ನು ಎದೆಗೆ ಅವಚಿಕೊಂಡು ನಿಂತಳು. ಆಮೇಲೆ ಅಕ್ಕೋರು ಹೇಳಿಕೊಟ್ಟ ಹಾಗೆ, ಕಂಕುಳ ಕೆಳಗೆ ಕೈ ಕೊಟ್ಟು, ಗಲ್ಲ ನೀರಿನಿಂದ ಮೇಲಿರುವಂತೆ ಮಗುವನ್ನು ಮುಂದೆ ಹಿಂದೆ ಎಳೆದಳು. ಮಗು ಕಾಲು ಬಡಿಯಿತು. ನೀರು ಮುಖಕ್ಕೆ ಸಿಡಿದರೆ ಕಣ್ಣು ಮುಚ್ಚಿ, ಬಿಟ್ಟು, ಮತ್ತೆ ಬಡಿಯಿತು. ಬೀಗಿತ್ತಿ ನಗಲಿಲ್ಲ. ಅವಳು ನಕ್ಕದ್ದನ್ನು ನಾನು ನೋಡಿಲ್ಲ. ಗದರಿಸುವ ಧ್ವನಿಯಲ್ಲಿ ಮಗುವಿಗೆ ಹೇಳುತ್ತಿದ್ದಳು: "ಬಡಿ. ಇನ್ನೂ ಬಡಿ. ಯಾರೂ ಬರೂದಿಲ್ಲ, ನೀನೇ ಬಡೀಬೇಕು."

ಪಕ್ಕದಲ್ಲಿದ್ದ ಒಬ್ಬಳು ತಾಯಿ, "ಪಾಪ ಮಗೂಗೆ ಹೀಗೆಲ್ಲ ಹೇಳೂದಾ?" ಎಂದಳು. ಬೀಗಿತ್ತಿ ತಿರುಗಿಯೂ ನೋಡಲಿಲ್ಲ.

ನಾನು ಕಟ್ಟೆಯ ಮೇಲೆ ಟವೆಲು ಹಿಡಿದು ಕೂರುತ್ತಿದ್ದೆ. ಪ್ರತಿ ವಾರ ಆ ಬನಿಯನ್ನಿನೊಳಗೆ ಅವಳು ಸ್ವಲ್ಪ ಸ್ವಲ್ಪ ಕಡಿಮೆಯಾಗುವುದು ನನಗೆ ಕಾಣುತ್ತಿತ್ತು. ಮೊದಲು ಮಗುವನ್ನು ಎತ್ತಿಕೊಂಡೇ ಮೆಟ್ಟಿಲು ಇಳಿಯುತ್ತಿದ್ದಳು. ಆಮೇಲೆ ಅವಳು ಇಳಿದ ಮೇಲೆ ನಾನು ಮಗುವನ್ನು ಕೊಡಬೇಕಾಯಿತು. ಬೇಸಿಗೆಯ ಹೊತ್ತಿಗೆ ಅವಳನ್ನು ಇಳಿಸಲು ಅಕ್ಕೋರು ಬೇಕು, ಮೇಲೆತ್ತಲು ಇಬ್ಬರು ಬೇಕು. ನೀರಿನಲ್ಲಿರುವಾಗ ಮಾತ್ರ ಅವಳ ಹಿಡಿತ ಸಡಿಲವಾಗುತ್ತಿರಲಿಲ್ಲ. ಒಂದು ದಿನ ಅಕ್ಕೋರು ನನ್ನ ಹತ್ತಿರ ಬಂದು ಮೆಲ್ಲಗೆ, "ಇನ್ನು ಇವರ ಕೈಗೆ ಮಗು ಕೊಡೂದು ಬೇಡ ಅಜ್ಜಿ. ನಿತ್ರಾಣ ಆಗಿದಾರೆ," ಎಂದಳು. ಬೀಗಿತ್ತಿಗೆ ಕೇಳಿಸಿತು. ಅವಳೇ ಮಗುವನ್ನು ಅಕ್ಕೋರ ಕೈಗೆ ಕೊಟ್ಟು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಮುಂದಿನ ವಾರ ತೆಂಗಿನಗುಂಡಿಯಿಂದ ಬರಲು ಆಗಲಿಲ್ಲ.

ಸೊಸೆ ರಜೆ ಹಾಕಿ ಮಗುವನ್ನು ಕಟ್ಟಿಕೊಂಡು ತಾಯಿಯ ಹತ್ತಿರ ಹೋದಳು. ನಾನೂ ಹೋಗಿ ಬಂದು ಮಾಡುತ್ತಿದ್ದೆ. ಚಾಪೆಯ ಮೇಲೆ ಮಲಗಿದ್ದವಳಿಗೆ ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲ. ನೋವಿಗೆ ಮಾತ್ರೆ ಕೊಟ್ಟರೆ ಸ್ವಲ್ಪ ಹೊತ್ತು ಕಣ್ಣು ಮುಚ್ಚುವಳು. ಒಂದು ಭಾನುವಾರ ನಾನು ಹೋದಾಗ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು.

"ನಿನ್ನೆ ಶನಿವಾರ ಅಲ್ದಾ ಅಕ್ಕ? ಮಗೂನ್ನ ಕರ್ಕಂಡು ಹೋಗಿದ್ರಾ?"

"ಇಲ್ಲ ಮಾರಾಯ್ತಿ. ಮಗು ಇಲ್ಲೇ ಅದೆ. ನೀ ಹೀಗೆ ಬಿದ್ಕಂಡಿರೂವಾಗ ಎಂತ ಈಜು?"

ಅವಳಿಗೆ ಸಿಟ್ಟು ಬಂತು. ಅಷ್ಟು ಜೀವ ಅವಳಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. "ನಾ ಸಾಯೂದಕ್ಕೂ ಮಗು ನೀರಿಗೆ ಇಳಿಯೂದಕ್ಕೂ ಎಂತ ಸಂಬಂಧ?" ಎಂದಳು. ಉಸಿರು ಸಿಕ್ಕಿಕೊಂಡಿತು. ಸೊಸೆ ಓಡಿ ಬಂದು ಬೆನ್ನು ನೀವಿದಳು. ಬೀಗಿತ್ತಿ ಮಗಳ ಕೈ ತಳ್ಳಿ ನನ್ನನ್ನೇ ನೋಡಿದಳು. "ಇವಳು ಇಳಿಯೂದಿಲ್ಲ. ನಂಗೆ ಗೊತ್ತು. ನಾನೇ ಹಾಗೆ ಮಾಡಿ ಇಟ್ಟಿದ್ದೆ. ನೀವು ಇಳೀತ್ರಾ? ಮಗು ಕಲಿಯೂ ತನಕ?"

ನನಗೂ ಈಜು ಬರುವುದಿಲ್ಲ. ಗದ್ದೆಯ ಕೆಸರಿಗಿಂತ ಆಳಕ್ಕೆ ನಾನೂ ಇಳಿದವಳಲ್ಲ. ಸಾಯುವವರಿಗೆ ಸಮಾಧಾನಕ್ಕೆ ಹೂಂ ಎನ್ನುವ ಅಭ್ಯಾಸ ನನಗಿಲ್ಲ. ಅದಕ್ಕೇ ತಡಮಾಡಿದೆ. ಅವಳು ಕಾದಳು. ಆಮೇಲೆ, "ಇಳೀತೆ," ಎಂದೆ.

"ಆತು," ಎಂದಳು. ಇನ್ನೆಂತ ಎಂದು ಕೇಳಲಿಲ್ಲ. ಗೋಡೆ ಕಡೆಗೆ ತಿರುಗಿ ಮಲಗಿದಳು.

ಗುರುವಾರ ಬೆಳಕು ಹರಿಯುವಾಗ ಹೋದಳು. ತೀರದ ಸುಡುಗಾಡಿನಲ್ಲಿ ಸುಟ್ಟರು. ಜನ, ಹೊಗೆ, ಅಳು, ಮಗು ಹೆದರಿ ಹಾಲು ಕುಡಿಯಲಿಲ್ಲ. ಶುಕ್ರವಾರ ನಾನು ಮಗುವನ್ನು ಕರೆದುಕೊಂಡು ಕುಮಟೆಗೆ ಬಂದೆ. ಮಗ, ಸೊಸೆ ಅಲ್ಲೇ ಉಳಿದರು.

ಮಾರನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ನಾದಿನಿ ಬಾಗಿಲಲ್ಲಿ ನಿಂತಳು. "ಹೆಣದ ಬೂದಿ ತಣೀಲಿಲ್ಲ. ಈಗ ಎಲ್ಲಿಗೆ ಸವಾರಿ?"

"ಈಜುಕೊಳಕ್ಕೆ."

"ನಿಂಗೆ ಮಂಡೆ ಸಮ ಅದ್ಯಾ? ಊರವ್ರು ಎಂತ ಹೇಳ್ತ್ರು?"

"ಹೇಳ್ಲಿ. ಆಟೋ ಕಾಯ್ತದೆ, ಸರಿ ಆಚೆ."

ಅಕ್ಕೋರು, "ಆ ಅಜ್ಜಿ ಎಲ್ಲಿ?" ಎಂದು ಕೇಳಿದಳು. "ಸತ್ತು ಹೋತು," ಎಂದೆ. ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. "ಈಗ ನಾ ಇಳೀಬೇಕು," ಎಂದೆ. ಮಗನ ಹಳೆಯ ಟೀ ಶರ್ಟು, ಸೊಸೆಯ ಲೆಗ್ಗಿಂಗ್ಸು ಹಾಕಿಕೊಂಡು ಹೋಗಿದ್ದೆ. ನನ್ನನ್ನು ನೋಡಿಯೂ ಯಾರಾದರೂ ನಕ್ಕಿರಬಹುದು. ನೋಡುವ ಪುರುಸೊತ್ತು ನನಗಿರಲಿಲ್ಲ.

ನೀರು ತೊಡೆಗೆ ಬರುವ ಮೊದಲೇ ನಾನೂ ಕಂಬಿ ಹಿಡಿದೆ. ನೀರು ಕಾಲನ್ನು ಎತ್ತುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿಂತ ನೆಲ ನಮ್ಮದಲ್ಲ ಎನ್ನಿಸುತ್ತದೆ. ಗಂಡ, ಮಗ ಇಬ್ಬರನ್ನೂ ನೀರಿಗೆ ಕೊಟ್ಟ ಹೆಂಗಸು ಇದರೊಳಗೆ ವಾರವಾರ ಹೇಗೆ ನಿಂತಳೋ. ಕಟ್ಟೆಯ ಮೇಲೆ ಟವೆಲು ಹಿಡಿದು ಕೂತವಳಿಗೆ ಅದು ತಿಳಿದಿರಲಿಲ್ಲ.

ಮಗು ಅವಳನ್ನು ಹುಡುಕಿತು ಎಂದು ನಾನು ಹೇಳುವುದಿಲ್ಲ. ಆ ಪ್ರಾಯಕ್ಕೆ ಅಷ್ಟು ನೆನಪು ಇರುವುದಿಲ್ಲ. ಅದು ಅಕ್ಕೋರ ಕೈಯಲ್ಲಿ ನೀರು ಕಂಡು ಕೈಕಾಲು ಬಡಿಯಿತು, ಅಷ್ಟೇ.

ಸುದ್ದಿ ಕೇಳಿ ಸೊಸೆ ನನ್ನ ಮೇಲೆ ಕೂಗಾಡಿದಳು. "ನನ್ನಮ್ಮ ಸತ್ತು ಮೂರು ದಿನ ಆಗ್ಲಿಲ್ಲ ಅತ್ತೆ. ನಿಮ್ಗೆ ಆಟ!" ಎಂದಳು. ಬಹಳ ದಿನ ನಮ್ಮಿಬ್ಬರಲ್ಲಿ ಬೇಕಾದಷ್ಟೇ ಮಾತು. ಆದರೆ ಅವಳು ಮಗುವನ್ನು ಕರೆದುಕೊಂಡು ಹೋಗಬೇಡಿ ಎಂದೂ ಹೇಳಲಿಲ್ಲ. ಈಗ ರಜೆಯಿದ್ದರೆ ಜೊತೆಗೆ ಬರುತ್ತಾಳೆ. ಕೊಳದ ಬೇಲಿಯ ಹೊರಗೇ ನಿಲ್ಲುತ್ತಾಳೆ. ಒಂದೇ ಒಂದು ಸಲ ನಾನು, "ನೀ ಒಳಗೆ ಬಾ. ನಿನ್ನ ಪ್ರಾಯಕ್ಕೆ ಬೇಗ ಬತ್ತದೆ ಈಜು. ನಾ ಎಷ್ಟು ವರ್ಷ ಇರ್ತೆ?" ಎಂದೆ.

"ಆಗೂದಿಲ್ಲ ಅತ್ತೆ," ಎಂದಳು. "ಅಣ್ಣನ್ನ ತಂದಾಗ ಬಾಯಿ ತುಂಬ ಮರಳಿತ್ತು. ನಾನೇ ಬೆರಳು ಹಾಕಿ ತೆಗ್ದೆ."

ಮತ್ತೆ ನಾನು ಅವಳನ್ನು ಕರೆದಿಲ್ಲ.

ಮಗು ಈಗ ನಡೆಯುತ್ತದೆ. ಮೆಟ್ಟಿಲ ಮೇಲೆ ಕೂತು ಬಾಯಿ ನೀರಿಗಿಟ್ಟು ಗುಳ್ಳೆ ಬಿಡುತ್ತದೆ. ಅದಕ್ಕೆ ಈಜು ಬರುವುದಿಲ್ಲ. ನಾನು ಕೈ ತೆಗೆದರೆ ಕಲ್ಲಿನ ಹಾಗೆ ಕೆಳಗೆ ಹೋಗುತ್ತದೆ, ಅದು ನನಗೆ ಚೆನ್ನಾಗಿ ಗೊತ್ತು. ಹೆದರಿಕೆ ಇಲ್ಲದಿರುವುದೂ ಒಂದು ಅಪಾಯವೇ ಎಂದು ಅಕ್ಕೋರು ಹೇಳಿದ್ದಾಳೆ. ಅದಕ್ಕೇ ಮನೆಯಲ್ಲಿ ಬಾವಿಗೆ ಕಬ್ಬಿಣದ ಬಲೆ ಹಾಕಿಸಿದ್ದೇನೆ, ಬಕೆಟಿನಲ್ಲಿ ನೀರು ಬಿಡುವುದಿಲ್ಲ. ನಾನೂ ಈಜು ಕಲಿಯತೊಡಗಿದ್ದೇನೆ, ನನ್ನ ಪಾಠ ದೊಡ್ಡ ಕೊಳದ ಬದಿಯಲ್ಲಿ. ಕಂಬಿ ಬಿಟ್ಟು ಅಂಗಾತ ತೇಲುವಲ್ಲಿಗೆ ಬಂದಿದ್ದೇನೆ. ಕಿವಿಗೆ ನೀರು ಹೋಗಿ ಎರಡು ದಿನ ನೋಯುತ್ತದೆ.

ನನಗೆ ಸಕ್ಕರೆ ಕಾಯಿಲೆ. ಮೊಣಕಾಲು ಊದಿದೆ. ಗಂಡ ಹೋದ ಮೇಲೆ, ಮಗನಿಗೆ ಮದುವೆಯಾದ ಮೇಲೆ, ಇನ್ನು ಸಾವು ಯಾವತ್ತು ಬಂದರೂ ಸರಿ ಎಂದುಕೊಂಡು ಮಾತ್ರೆಯನ್ನು ನೆನಪಾದರೆ ನುಂಗುತ್ತಿದ್ದವಳು ನಾನು. ಆ ನೆಮ್ಮದಿಯನ್ನು ಅವಳು ಕಿತ್ತುಕೊಂಡು ಹೋದಳು. ಈಗ ಎರಡು ಹೊತ್ತೂ ತಪ್ಪದೆ ಮಾತ್ರೆ ನುಂಗುತ್ತೇನೆ. ಬೆಲ್ಲದ ಚಾ ಬಿಟ್ಟಿದ್ದೇನೆ, ಅನ್ನ ಅರ್ಧಕ್ಕೆ ಇಳಿಸಿದ್ದೇನೆ. ಅವಳಿಗೆ ಸಿಗದೆ ಹೋದ ಆ ನಾಲ್ಕೈದು ವರ್ಷವನ್ನು ನಾನು ಬದುಕಬೇಕಾಗಿದೆ. ಈ ಹುಡುಗಿ ಯಾರ ಕೈಯೂ ಇಲ್ಲದೆ ಆಚೆ ಬದಿಗೆ ಹೋಗಿ ಗೋಡೆ ಮುಟ್ಟಲಿ. ಆಮೇಲೆ ಯಾವತ್ತು ಕರೆದರೂ ನಾನು ತಯಾರಿದ್ದೇನೆ. ಅದಕ್ಕಿಂತ ಮುಂಚೆ ಆಗುವುದಿಲ್ಲ.